ಹಿಟ್ಟಿನ ಡಬ್ಬದಲ್ಲಿ ಆರು ಬಣ್ಣ

"ಆ ಕಾರ್ಟ್ರಿಡ್ಜೂ ಇವನ ತಲೆನೂ ಒಂದೇ ಕಂಪನಿ ಮಾಲು ಕಣ್ರೀ. ಎರಡು ತಿಂಗಳು ಸುಮ್ನೆ ಬಿಟ್ರೆ ಒಳಗೆಲ್ಲಾ ಒಣಗಿ ಕಲ್ಲಾಗಿಬಿಡುತ್ತೆ."

ಹೀಗೆ ಅಂದವರು ನನ್ನ ದೊಡ್ಡಪ್ಪ. ಅಂದದ್ದು ಅವರದೇ ಅಂಗಡಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗಿರಾಕಿಗಳು ತುಂಬಿ ನಿಂತಿದ್ದಾಗ. ಏಳು ಜನ ಇದ್ದರು. ಮರ್ಯಾದೆ ಹೋಗುವಾಗ ಎದುರಿಗೆ ಎಷ್ಟು ಜನ ಇದ್ದಾರೆಂದು ಎಣಿಸುವುದು ನನ್ನ ಹಳೆಯ ಚಾಳಿ. ಬಸ್ ಪಾಸಿನ ಫೋಟೋಗೆಂದು ಬಂದಿದ್ದ ಹುಡುಗಿಯರು ಕಿಸಕ್ಕೆಂದರು. ಪಕ್ಕದ ಕ್ಷೌರದಂಗಡಿಯವನು, ನಾವೆಲ್ಲ ಕತ್ತರಿ ಅಣ್ಣ ಎಂದು ಕರೆಯುವವನು, ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ಇದ್ದವರು ಮೂಲೆಯಲ್ಲಿದ್ದ ಮುದುಕರೊಬ್ಬರೇ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನನ್ನ ಮೈ ಉರಿದುಹೋಯಿತು. ಜೆರಾಕ್ಸ್ ಮಷೀನಿನ ಮುಚ್ಚಳವನ್ನು ಧಡಾರನೆ ಹಾಕಿದೆ. ಒಳಗಿದ್ದ ಯಾರದೋ ಅಂಕಪಟ್ಟಿ ಮುದುರಿಕೊಂಡಿತು. ಅದಕ್ಕೂ ಬೈಸಿಕೊಂಡೆ.

ಜಗಳ ಇದ್ದದ್ದು ಒಳಕೋಣೆಯ ಪ್ರಿಂಟರಿನ ಬಗ್ಗೆ. ಆರು ಬಣ್ಣದ ಹಳೆಯ ಫೋಟೋ ಪ್ರಿಂಟರ್. ಕಪ್ಪು, ಹಳದಿ, ನೀಲಿ, ಗುಲಾಬಿ, ಜೊತೆಗೆ ತಿಳಿನೀಲಿ, ತಿಳಿಗುಲಾಬಿ. ಮನುಷ್ಯನ ಮುಖದ ಬಣ್ಣವನ್ನು ಅದು ತೆಗೆದಂತೆ ಈಗಿನ ಹೊಸ ಮಷೀನುಗಳು ತೆಗೆಯುವುದಿಲ್ಲ. ಅದಕ್ಕೆ ಬೇಕಾದ ಕಂಪನಿಯ ಕಾರ್ಟ್ರಿಡ್ಜ್ ಸಿಗುವುದು ನಿಂತು ಎಷ್ಟೋ ವರ್ಷವಾಗಿದೆ. ಹಾಗಾಗಿ ನಾವು ಹಾಕುವುದು ತುಂಬಿಸಿ ತುಂಬಿಸಿ ಬಳಸುವ ಕಾರ್ಟ್ರಿಡ್ಜ್. ಒಳಗಿನ ಶಾಯಿ ಕಾಣುವಂಥ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಗಳು, ನಿಲ್ಲಿಸಿಟ್ಟ ಬೆಂಕಿಪೊಟ್ಟಣದ ಹಾಗೆ. ತಲೆಯ ಮೇಲೆ ಎರಡು ತೂತು: ಒಂದು ಸಿರಿಂಜಿನಿಂದ ಶಾಯಿ ಹಾಕಲು, ಇನ್ನೊಂದು ಗಾಳಿಗೆ. ಎರಡಕ್ಕೂ ರಬ್ಬರಿನ ಬಿರಡೆ. ಕೆಳಗೊಂದು ಬಾಯಿ, ಮಷೀನು ಶಾಯಿ ಕುಡಿಯುವುದು ಅಲ್ಲಿಂದ.

ಹಿಂದಿನ ವರ್ಷ ದೊಡ್ಡಪ್ಪನ ಮಂಡಿ ಆಪರೇಷನ್ ಆಗಿ ಅಂಗಡಿ ಎರಡು ತಿಂಗಳು ಮುಚ್ಚಿತ್ತು. ನಾನು ಮಹಾ ಜಾಣನಂತೆ ಆರೂ ಕಾರ್ಟ್ರಿಡ್ಜುಗಳನ್ನು ಹೊರಗೆ ತೆಗೆದು, ಗಾಳಿಯ ಬಿರಡೆ ಹಾಕದೆ, ಮೇಜಿನ ಡ್ರಾಯರಿನಲ್ಲಿ ಮಲಗಿಸಿಟ್ಟೆ. ತಿರುಗಿ ಬಂದಾಗ ಕಪ್ಪು ಟಾರಾಗಿತ್ತು, ಹಳದಿ ಕಿವಿಯ ಗುಗ್ಗೆಯಂತಾಗಿತ್ತು. ಅವನ್ನೇ ಮಷೀನಿಗೆ ಹಾಕಿ, ಶಾಯಿ ಉಗುಳುವ ಅದರ ಬಾಯನ್ನೂ ಕಟ್ಟಿಸಿದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡ ತಪ್ಪನ್ನು ವರ್ಷವಿಡೀ ಗಿರಾಕಿಗಳ ಮುಂದೆ ಹಗ್ಗಕ್ಕೆ ಹಾಕಿ ಒಣಗಿಸುವುದು ಯಾವ ನ್ಯಾಯ?

ಈಗ ಮತ್ತೆ ಮುಚ್ಚುವ ಕಾಲ ಬಂದಿತ್ತು. ನಮ್ಮ ರಸ್ತೆಯನ್ನು ಅಗೆದು ಚರಂಡಿಗೆ ದೊಡ್ಡ ಪೈಪ್ ಹಾಕುವವರಿದ್ದರು. ಐದು ತಿಂಗಳು ಆ ಸಾಲಿನ ಅಂಗಡಿಗಳೆಲ್ಲ ಬಂದ್. ಎರಡು ತಿಂಗಳಿಗೇ ಸತ್ತ ಶಾಯಿ ಐದು ತಿಂಗಳು ಬದುಕುತ್ತದೆಯೇ ಎಂದು ದೊಡ್ಡಪ್ಪ ಪ್ರಿಂಟರನ್ನು ಗುಜರಿಗೆ ಹಾಕಲು ಹೊರಟಿದ್ದರು. ನಾನು ಅಡ್ಡ ನಿಂತೆ.

"ನಾನು ಇಟ್ಕೋತೀನಿ, ದೊಡ್ಡಪ್ಪ. ಕಾರ್ಟ್ರಿಡ್ಜು ಮನೆಗೆ ತಗೊಂಡು ಹೋಗ್ತೀನಿ. ಬಾಗಿಲು ತೆಗೆಯೋ ದಿನ ಹಾಕಿ ತೋರಿಸ್ತೀನಿ."

"ಏನು ತೋರಿಸ್ತೀಯೋ? ಹೋದ ಸಲ ತೋರಿಸಿದ್ದು ಸಾಲದಾ?"

"ಆವಾಗ ಗೊತ್ತಿರ್ಲಿಲ್ಲ, ಈಗ ಗೊತ್ತು."

ಆ ಕಂಪನಿ ಮಾಲಿನ ಮಾತು ಬಂದದ್ದು ಇಲ್ಲಿಯೇ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಕತ್ತರಿ ಅಣ್ಣ ಕಣ್ಣೊರೆಸಿಕೊಂಡು ನಡುವೆ ಬಂದ. "ಒಂದ್ ಅವಕಾಶ ಕೊಡಿ ಯಜಮಾನ್ರೇ. ಗುಜರಿಯವನು ಎಲ್ಲಿಗೂ ಓಡಿಹೋಗಲ್ಲ."

ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸರಿ. ಬಾಗಿಲು ತೆಗೆಯೋ ದಿನ ಗುಜರಿಯವನನ್ನೂ ಬರಹೇಳ್ತೀನಿ. ಫೋಟೋ ಸರಿಯಾಗಿ ಬಂತೋ, ಮಷೀನು ಉಳೀತು, ಒಳಗಿನ ಕುರ್ಚಿ ನಿಂದು. ಬರಲಿಲ್ವೋ, ಅದು ಅವನ ಗಾಡಿಗೆ, ನೀನು ಜೀವನಪೂರ್ತಿ ಜೆರಾಕ್ಸಿಗೆ."

ಒಳಗಿನ ಕುರ್ಚಿ! ಅಂಗಡಿಗೆ ಸೇರಿ ಆರು ವರ್ಷ, ನಾನು ನಿಂತೇ ಇದ್ದವನು. ಅವರು ಸಂತೆಗೆ ಹೋದಾಗ, ಬ್ಯಾಂಕಿಗೆ ಹೋದಾಗ, ಕದ್ದು ಕೂತು ಒಂದೊಂದು ಫೋಟೋ ತೆಗೆದಿದ್ದೆ. ಬಿಳಿ ಹಾಳೆಯ ಮೇಲೆ ಒಬ್ಬ ಮನುಷ್ಯ ಹಣೆಯಿಂದ ಶುರುವಾಗಿ ಗಲ್ಲದವರೆಗೆ ಮೆಲ್ಲಗೆ ಹೊರಗೆ ಬರುವುದನ್ನು ನೋಡಬೇಕು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನನಗೆ ಕುಳಿತು ನೋಡಬೇಕೆನಿಸಿದ ಒಂದೇ ಒಂದು ಹಾಳೆ ಅದು.

ಗೊತ್ತು ಅಂದದ್ದು ಬಾಯಿಮಾತಲ್ಲ. ಹೋದ ವರ್ಷ ಸತ್ತ ಕಪ್ಪು ಕಾರ್ಟ್ರಿಡ್ಜನ್ನು ನಾನು ಬಿಸಾಕಿರಲಿಲ್ಲ. ಗರಗಸದ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಗೆ ಏನಾಗಿದೆ ನೋಡಿದ್ದೆ. ಗಾಳಿಯ ತೂತಿನ ಕೆಳಗೆ ಗಟ್ಟಿ, ಕೆಳಗಿನ ಬಾಯಿಯ ಹತ್ತಿರ ಗಟ್ಟಿ, ನಡುವೆ ಇನ್ನೂ ಹಸಿ. ಅಂದರೆ ಶಾಯಿ ತಾನಾಗಿ ಸಾಯುವುದಿಲ್ಲ, ತೂತಿನ ಕಡೆಯಿಂದ ಸಾಯುತ್ತದೆ. ಇದನ್ನು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಶಾಲೆ ಬಿಟ್ಟವನು ನಾನು, ಬುದ್ಧಿ ಬಿಟ್ಟವನಲ್ಲ.

ಮುಚ್ಚುವ ದಿನ ಮೊದಲು ಮಷೀನಿನ ಕೆಲಸ ಮುಗಿಸಿದೆ. ಹಳೆಯ ಖಾಲಿ ಕಾರ್ಟ್ರಿಡ್ಜುಗಳ ಇನ್ನೊಂದು ಜೊತೆ ಇತ್ತು. ಅದಕ್ಕೆ ಮಷೀನಿನ ಬಾಯಿ ತೊಳೆಯುವ ದ್ರವ ತುಂಬಿ ಒಳಗೆ ಕೂರಿಸಿ, ಬಣ್ಣವೆಲ್ಲ ಹೋಗಿ ಬರೀ ಹಾಳೆ ಬರುವವರೆಗೆ ಓಡಿಸಿದೆ. ಆಮೇಲೆ ಅದರ ಗುಂಡಿಯಿಂದಲೇ ಆಫ್ ಮಾಡಿ, ಬಟ್ಟೆ ಹೊದಿಸಿದೆ. ಆರು ಬಣ್ಣಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ಹೊರಟೆ. ಅಗೆಯುವವರ ಜೆಸಿಬಿ ಆಗಲೇ ರಸ್ತೆಯ ತುದಿಯಲ್ಲಿ ಬಂದು ನಿಂತಿತ್ತು.

ಮನೆಯಲ್ಲಿ ನಾವು ಐದು ಜನ. ಲಾರಿ ಓಡಿಸುವ ಅಪ್ಪ ಲೆಕ್ಕಕ್ಕುಂಟು, ಮನೆಯಲ್ಲಿಲ್ಲ. ಉಳಿದಂತೆ ಬಟ್ಟೆ ಹೊಲಿಯುವ ಅಮ್ಮ, ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಅಕ್ಕ, ನಾನು, ಮತ್ತು ಅಜ್ಜಿ. ಅಜ್ಜಿ ಅಂದರೆ ದೊಡ್ಡಪ್ಪನ ಹೆತ್ತತಾಯಿ. ಊರಿಗೆಲ್ಲ ಯಜಮಾನರಾದ ದೊಡ್ಡಪ್ಪನನ್ನು ಈಗಲೂ "ಲೋ ಗುಮ್ಮಟೆ" ಎಂದು ಕರೆಯುವ ಏಕೈಕ ಜೀವ.

ನನಗೆ ಬೇಕಾಗಿದ್ದು ಗಾಳಿಯಾಡದ ಒಂದು ದೊಡ್ಡ ಡಬ್ಬ. ಅಂಥದ್ದು ಮನೆಯಲ್ಲಿ ಒಂದೇ ಇತ್ತು: ಅಜ್ಜಿಯ ಹಿಟ್ಟಿನ ಡಬ್ಬ. ಸುತ್ತಲೂ ರಬ್ಬರು, ನಾಲ್ಕು ಕಡೆ ಕ್ಲಿಪ್ಪು.

"ನನ್ನ ಹಿಟ್ಟೆಲ್ಲಿ ಹಾಕ್ಲೋ, ನಿನ್ನ ತಲೆ ಮೇಲಾ?"

"ಐದು ತಿಂಗಳು, ಅಜ್ಜಿ. ದೊಡ್ಡಪ್ಪ ಏಳು ಜನದ ಮುಂದೆ ನನ್ನ ತಲೆ ಒಣಗಿದೆ ಅಂದ್ರು."

"ಯಾರು, ಗುಮ್ಮಟೆನಾ? ಅವನಿಗೆ ಒಂಬತ್ತು ವರ್ಷದವರೆಗೆ ಚಡ್ಡಿ ಗುಂಡಿ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ." ಅಜ್ಜಿ ಹಿಟ್ಟನ್ನೆಲ್ಲ ಪಾತ್ರೆಗೆ ಸುರಿದು, ಡಬ್ಬ ತೊಳೆದು, ಒರೆಸಿ, ನನ್ನ ಮುಂದಿಟ್ಟಳು. "ತಗೋ. ಒಂದೂ ಸಾಯಬಾರ್ದು."

ನಾನೂ ಅಕ್ಕನೂ ನೆಲದ ಮೇಲೆ ಹಳೆಯ ಪೇಪರು ಹಾಸಿ ಕೂತೆವು. ಅವಳು ಹೊಸ ಸಿರಿಂಜು, ಶುದ್ಧ ಮಾಡಿದ ನೀರಿನ ಬಾಟಲಿ, ಹತ್ತಿ ತಂದಿದ್ದಳು. ಕಾರ್ಟ್ರಿಡ್ಜನ್ನು ಅರ್ಧ ಖಾಲಿ ಇಟ್ಟರೆ ಒಳಗೆ ಗಾಳಿ ಜಾಸ್ತಿ, ಒಣಗುವುದೂ ಜಾಸ್ತಿ. ಅದಕ್ಕೇ ಒಂದೊಂದನ್ನೂ ತುಂಬಿಸಿದೆವು, ಕಂಠದವರೆಗಲ್ಲ, ಒಂದು ಬೆರಳಿನಷ್ಟು ಕೆಳಗೆ. ಎರಡೂ ಬಿರಡೆ ಒತ್ತಿ, ಕೆಳಗಿನ ಬಾಯಿಗೆ ಟೊಪ್ಪಿ ಹಾಕಿ, ಮೈ ಒರೆಸಿ, ಮಷೀನಿನಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ಡಬ್ಬದಲ್ಲಿ ನಿಲ್ಲಿಸಿದೆವು. ಮೂಲೆಗೊಂದು ಸ್ಪಂಜು, ಒದ್ದೆ ಮಾಡಿ ಹಿಂಡಿದ್ದು. ಡಬ್ಬದೊಳಗಿನ ಗಾಳಿ ತೇವವಾಗಿದ್ದರೆ ಶಾಯಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಡಬ್ಬ ಅಜ್ಜಿಯ ಮಂಚದ ಕೆಳಗೆ ಹೋಯಿತು. ಇಡೀ ಮನೆಯಲ್ಲಿ ತಣ್ಣಗಿರುವ ಜಾಗ ಅದೊಂದೇ.

"ಸ್ಪಂಜು ಒಣಗಬಾರ್ದು, ನೋಡ್ಕೊಳ್ಳಿ" ಎಂದು ಮೂವರಿಗೂ ಹೇಳಿ, ನಾನು ಹೊಟ್ಟೆಪಾಡಿಗೆ ಅದೇ ರಸ್ತೆ ಅಗೆಯುವ ಕೆಲಸಕ್ಕೆ ಸೇರಿಕೊಂಡೆ. ದಿನವೂ ನಮ್ಮ ಅಂಗಡಿಯ ಮುಚ್ಚಿದ ಷಟರಿನ ಎದುರೇ ಆಳುದ್ದದ ಗುಂಡಿಯಲ್ಲಿ ನಿಂತು ಮಣ್ಣು ಎತ್ತುತ್ತಿದ್ದೆ. ದೊಡ್ಡಪ್ಪ ಕೆಲವೊಮ್ಮೆ ಕೋಲೂರಿಕೊಂಡು ಬಂದು ಮೇಲಿನಿಂದ ಬಗ್ಗಿ, "ಹೇಗಿದಾವೋ ನಿನ್ನ ಈಜಿಪ್ಟ್ ಮಮ್ಮಿಗಳು? ಬಟ್ಟೆ ಸುತ್ತಿ ಇಟ್ಟಿದೀಯಾ?" ಎಂದು ಕೇಳುವರು. ನಾನು ಗುದ್ದಲಿಯನ್ನು ಮಣ್ಣಿಗೆ ಹೊಡೆಯುತ್ತಿದ್ದ ರಭಸ ನೋಡಿ ಮೇಸ್ತ್ರಿ ಖುಷಿಪಡುತ್ತಿದ್ದ. "ನಿಮ್ಮ ದೊಡ್ಡಪ್ಪ ದಿನಾ ಬರ್ಲಿ ಕಣೋ, ಕೆಲಸ ಬೇಗ ಮುಗಿಯುತ್ತೆ."

ಇಪ್ಪತ್ತನೇ ದಿನ ಡಬ್ಬ ತೆಗೆದು ನೋಡುತ್ತೇನೆ, ಕೆರೆ! ಆರು ಕಾರ್ಟ್ರಿಡ್ಜುಗಳೂ ಮೊಣಕಾಲು ನೀರಿನಲ್ಲಿ ನಿಂತಿದ್ದವು. ಗುಲಾಬಿಯ ಮೈಮೇಲೆ ಒರೆಸದೆ ಉಳಿದಿದ್ದ ಶಾಯಿ ಕರಗಿ ನೀರೆಲ್ಲ ಶರಬತ್ತಿನ ಬಣ್ಣ.

"ಯಾರು ನೀರು ಹಾಕಿದ್ದು?" ಕಿರುಚಿದೆ.

"ಒಂದು ಚಮಚ ಅಷ್ಟೇ ಹಾಕಿದ್ದೆ, ಬೆಳಿಗ್ಗೆ ಬೆಳಿಗ್ಗೆ" ಎಂದಳು ಅಮ್ಮ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ನಾನೂ ಡ್ಯೂಟಿಯಿಂದ ಬಂದ ಮೇಲೆ ಒಂದು ಸಿರಿಂಜು ಬಿಡ್ತಿದ್ದೆ" ಎಂದಳು ಅಕ್ಕ.

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. "ಪಾಪ, ಬಾಯಾರುತ್ತೆ ಅಂತ ನಾನು ಲೋಟದಲ್ಲಿ..."

ನನ್ನ ಕೋಪ ನೆತ್ತಿಗೇರಿತು. ನೀವೆಲ್ಲ ಸೇರಿ ನನ್ನ ಹೊಟ್ಟೆಗೆ ಹೊಡೀತಿದ್ದೀರಿ, ಮನೆಯವರೇ ಹೀಗಾದರೆ ಹೊರಗಿನವರಿಗೇನು ಹೇಳೋದು, ಎಂದೆಲ್ಲ ಕೂಗಾಡಿದೆ. ಗೋಡೆಯ ಕಡೆ ಮುಖ ಮಾಡಿದ್ದ ಅಜ್ಜಿಯ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ನಗುತ್ತಿದ್ದಳು. "ಮೂರು ತಾಯಂದಿರು, ಆರು ಮಕ್ಕಳು, ಮುಳುಗಿಸಿಬಿಟ್ವಲ್ಲೇ!" ಅಮ್ಮನೂ ನಕ್ಕಳು. ಅಕ್ಕನಿಗಂತೂ ಉಸಿರೇ ಸಿಕ್ಕದು. ಮೂವರು ಹೆಂಗಸರು ಹೀಗೆ ನಗುವಾಗ ಒಬ್ಬನೇ ಎಷ್ಟು ಹೊತ್ತು ಸಿಟ್ಟು ಹಿಡಿದುಕೊಂಡಿರುತ್ತಾನೆ? ನನ್ನ ಮೂತಿಯೂ ಸಡಿಲಾಯಿತು. ಪುಣ್ಯಕ್ಕೆ ಬಿರಡೆ, ಟೊಪ್ಪಿ ಬಿಗಿಯಾಗಿದ್ದವು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಒರೆಸಿ ಮತ್ತೆ ಇಟ್ಟೆವು.

ಅಂದೇ ಅಕ್ಕ ಒಂದು ಕಾನೂನು ಮಾಡಿದಳು. ಕ್ಲಿನಿಕ್ಕಿನಲ್ಲಿ ರೋಗಿಯ ಮಂಚಕ್ಕೆ ತೂಗುಹಾಕುವಂಥ ಒಂದು ಚಾರ್ಟು ಬರೆದು ಅಜ್ಜಿಯ ಮಂಚದ ಕಾಲಿಗೆ ಕಟ್ಟಿದಳು. ತಾರೀಖು, ಸ್ಪಂಜು ಒದ್ದೆ ಮಾಡಿದವರು ಯಾರು, ರೋಗಿಗಳ ಸ್ಥಿತಿ ಹೇಗಿದೆ, ರುಜು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಲಿ ಎಂದು. ಮೊದಲ ವಾರ ಎಲ್ಲರೂ ಗಂಭೀರವಾಗಿ ಬರೆದರು. ಎರಡನೇ ವಾರದಿಂದ ಶುರುವಾಯಿತು ನೋಡಿ. "ಕಪ್ಪಿಗೆ ಜ್ವರ ಇಲ್ಲ." "ನೀಲಿ ಊಟ ಬಿಟ್ಟಿದ್ದಾನೆ." "ತಿಳಿಗುಲಾಬಿಗೆ ಹುಡುಗಿ ನೋಡಬೇಕು." ಅಜ್ಜಿ ತಾನು ಹೇಳಿದ್ದನ್ನು ಅಮ್ಮನ ಕೈಯಲ್ಲಿ ಬರೆಸಿ, ಕೆಳಗೆ ಗುಲಾಬಿ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತುವಳು. ಹದಿನೈದು ದಿನಕ್ಕೊಮ್ಮೆ ನಾನು ಆರನ್ನೂ ಎತ್ತಿ ತೊಟ್ಟಿಲಿನಂತೆ ಮೆಲ್ಲಗೆ ಅತ್ತಿತ್ತ ವಾಲಿಸಿ, ಚಾರ್ಟು ಓದಿ ನಕ್ಕು, ಮತ್ತೆ ಮಂಚದ ಕೆಳಗೆ ತಳ್ಳುತ್ತಿದ್ದೆ. ಗುಂಡಿಯಲ್ಲಿ ದುಡಿದು ಬಂದ ದಣಿವಿಗೆ ಆ ಚಾರ್ಟು ಓದುವುದೇ ನನ್ನ ಸಿನಿಮಾ. ಒಂದು ಸಲ ಅಕ್ಕ ಬರೆದಿದ್ದಳು: "ಹಳದಿಗೆ ತಲೆಗೆ ಗಾಯ. ಪಟ್ಟಿ ಹಾಕಿದ್ದೇನೆ." ಅದಕ್ಕೂ ನಕ್ಕೆ.

ಐದು ತಿಂಗಳೆಂದರೆ ಐದೇ ತಿಂಗಳಿಗೆ ಕೆಲಸ ಮುಗಿಯಿತು. ಮೇಸ್ತ್ರಿ ಅದಕ್ಕೆ ನನ್ನ ದೊಡ್ಡಪ್ಪನನ್ನು ಹೊಗಳಿದ.

ಬಾಗಿಲು ತೆಗೆಯುವ ದಿನ ಬೆಳಿಗ್ಗೆ ನಾನು ಡಬ್ಬವನ್ನು ಎದೆಗವಚಿಕೊಂಡು ಹೊಸ ರಸ್ತೆಯ ಮೇಲೆ ಬಂದೆ. ಅಜ್ಜಿಯೂ ಹಟ ಹಿಡಿದು ಬಂದಿದ್ದಳು. ಗುಜರಿಯವನು ನಮಗಿಂತ ಮೊದಲೇ ಹಾಜರು. ಗಾಡಿಯನ್ನು ಮೆಟ್ಟಿಲಿಗೆ ತಾಗಿಸಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ. ಕತ್ತರಿ ಅಣ್ಣ ಬಂದ. ಹಳೆಯ ಗಿರಾಕಿಗಳು ಬಂದರು. ಎಣಿಸಿದೆ, ಹನ್ನೊಂದು ಜನ.

ತೊಳೆಯುವ ದ್ರವದ ಕಾರ್ಟ್ರಿಡ್ಜುಗಳನ್ನು ಹೊರಗೆ ತೆಗೆದೆ. ಡಬ್ಬದ ಕ್ಲಿಪ್ಪು ಬಿಚ್ಚಿದೆ. ಆರು ಬಣ್ಣಗಳೂ ಇಟ್ಟ ದಿನ ಹೇಗಿದ್ದವೋ ಹಾಗೆಯೇ ಕಂಠಕ್ಕಿಂತ ಒಂದು ಬೆರಳು ಕೆಳಗೆ ನಿಂತಿದ್ದವು. ಕೆಳಗಿನ ಟೊಪ್ಪಿ ತೆಗೆದೆ, ಗಾಳಿಯ ಬಿರಡೆಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟೆ, ಎರಡೆರಡು ಸಲ ಎಣಿಸಿದೆ, ಆರು. ಒಳಗೆ ಕೂರಿಸಿದೆ. ಮಷೀನು ಗುರುಗುಟ್ಟಿತು, ಕೆಮ್ಮಿತು, ಪರೀಕ್ಷೆಯ ಹಾಳೆಯನ್ನು ಹೊರಗೆ ತಳ್ಳಿತು. ಆರು ಬಣ್ಣದಲ್ಲಿ ಸಣ್ಣ ಗೆರೆಗಳ ಆರು ಏಣಿ. ಒಂದೇ ಒಂದು ಮೆಟ್ಟಿಲೂ ಮುರಿದಿರಲಿಲ್ಲ.

"ಗೆರೆ ಯಾರು ಬೇಕಾದ್ರೂ ಎಳೀತಾರೆ" ಎಂದರು ದೊಡ್ಡಪ್ಪ. "ಮುಖ ತೆಗಿ. ನನ್ನ ಮುಖಾನೇ ತೆಗಿ, ನನ್ನ ಬಣ್ಣ ನನಗೆ ಗೊತ್ತು." ಸ್ಟೂಲಿನ ಮೇಲೆ ಎದೆಯುಬ್ಬಿಸಿ ಕೂತರು. ಕ್ಯಾಮೆರಾ ಕ್ಲಿಕ್ಕಿಸಿದೆ, ದೊಡ್ಡ ಹಾಳೆಗೆ ಹಾಕಿದೆ.

ಬಂತು. ಬೋಳು ಹಣೆ, ಅದರ ಮೇಲಿನ ಹೊಳಪು, ಕೆನ್ನೆ, ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತು, ಎಲ್ಲವೂ. ಅಂಗಡಿಯಲ್ಲಿದ್ದವರೆಲ್ಲ ಹೋ ಎಂದರು. ಅಜ್ಜಿ ಹಾಳೆಯನ್ನು ದೂರ ಹಿಡಿದು ನೋಡಿ, "ಇದ್ದಿದ್ದಕ್ಕಿಂತ ಚೆನ್ನಾಗಿ ಬಂದಿದಾನೆ" ಎಂದಳು. ನಾನು ಹಿಂದಿದ್ದ ಆ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಹತ್ತಿರ ಎಳೆದುಕೊಂಡೆ.

"ತಡಿ, ತಡಿ. ಒಂದು ಬಂದ್ರೆ ಆಯ್ತಾ? ಇನ್ನೂ ಎರಡು ತೆಗಿ."

ಎರಡನೆಯದರಲ್ಲಿ ದೊಡ್ಡಪ್ಪ ಸ್ವಲ್ಪ ಕಂದಿದ್ದರು. ಹಣೆ ಸರಿಯಾಗಿತ್ತು, ಗಲ್ಲಕ್ಕೆ ಬರುವಷ್ಟರಲ್ಲಿ ಮಂಕು. ಮೂರನೆಯದು ಹೊರಗೆ ಬಂತು. ಹಾಳೆಯ ಮೇಲೆ ಇದ್ದದ್ದು ಕನ್ನಡಕ ಹಾಕಿಕೊಂಡ ಬದನೆಕಾಯಿ.

ಮೊದಲು ನಕ್ಕವನು ಗುಜರಿಯವನು. ಆಮೇಲೆ ಎಲ್ಲರೂ. ದೊಡ್ಡಪ್ಪನ ಮುಖ ಫೋಟೋದ ಬಣ್ಣಕ್ಕೇ ತಿರುಗಿತು. "ಸಾಕು! ಎತ್ತಪ್ಪಾ ಈ ಮಷೀನು ಗಾಡಿಗೆ!"

ಗುಜರಿಯವನು ಹಗ್ಗ ಬಿಚ್ಚಿದ. ಹಳದಿ ಹೋಗಿದೆ, ಅಷ್ಟು ಗೊತ್ತು. ಹಳದಿ ಇಲ್ಲದ ಮುಖ ನೇರಳೆಯಾಗುತ್ತದೆ. ಆದರೆ ಏಣಿ ಸರಿಯಾಗಿ ಬಂತು, ಮೊದಲ ಫೋಟೋ ಸರಿಯಾಗಿ ಬಂತು, ಕಾರ್ಟ್ರಿಡ್ಜ್ ತುಂಬ ಶಾಯಿ ಇದೆ. ಒಣಗಿದ್ದರೆ ಮೊದಲನೆಯದೂ ಬರಬಾರದಿತ್ತು. ಯಾಕೆ? ಮೇಜಿಗೊಂದು ಗುದ್ದು ಹಾಕಿದೆ. "ಮುಟ್ಟಬೇಡ ಅದನ್ನ!" ಎಂದು ಗುಜರಿಯವನ ಮೇಲೆ ಕೂಗಿದೆ. ಪಾಪ, ಅವನೇನು ಮಾಡಿದ್ದ? ಬೆಚ್ಚಿ ಹಿಂದೆ ಸರಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಡೋ, ಆಯ್ತು" ಎಂದರು ದೊಡ್ಡಪ್ಪ. ಆದರೆ ಈ ಸಲ ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಅದು ನನಗೆ ಇನ್ನೂ ಕೆಟ್ಟದೆನಿಸಿತು.

ಅಜ್ಜಿ ಸ್ಟೂಲಿನ ಮೇಲೆ ಕೂತು ಮೂರೂ ಫೋಟೋಗಳನ್ನು ಸಾಲಾಗಿ ತೊಡೆಯ ಮೇಲಿಟ್ಟುಕೊಂಡಿದ್ದಳು. "ಮೊದಲು ಚೆನ್ನಾಗಿ ಬಂದು, ಆಮೇಲೆ ನಿಂತುಹೋಯ್ತು, ಅಲ್ವಾ? ಎಣ್ಣೆ ಡಬ್ಬಕ್ಕೆ ಒಂದೇ ಕಡೆ ತೂತು ಮಾಡಿದ್ರೆ ಹೀಗೇ ಆಗೋದು. ಒಂದು ಗುಟುಕು ಬರುತ್ತೆ, ಆಮೇಲೆ ಮೊಂಡು ಹಿಡಿಯುತ್ತೆ. ಇನ್ನೊಂದು ಕಡೆಯಿಂದ ಗಾಳಿ ಹೋಗ್ಬೇಕಲ್ಲೋ."

"ಗಾಳಿ ಬಿರಡೆ ತೆಗ್ದಿದೀನಿ, ಅಜ್ಜಿ! ಆರೂ ತೆಗ್ದಿದೀನಿ! ಅಲ್ಲೇ ಇದೆ ನೋಡು, ಆರು!"

"ಬಿರಡೆ ತೆಗೆದ್ರೆ ತೂತು ತೆಗೆದ ಹಾಗಾ?"

ನಾನು ಹಳದಿಯನ್ನು ಹೊರಗೆಳೆದೆ. ಕಿಟಕಿಯ ಬೆಳಕಿಗೆ ಹಿಡಿದೆ. ಗಾಳಿಯ ತೂತು ಕಾಣುತ್ತಿತ್ತು, ಖಾಲಿಯೇ ಇತ್ತು. ಉಗುರಿನಿಂದ ಅದರ ಮೇಲೆ ಸವರಿದೆ. ಏನೋ ಅಂಚು ಸಿಕ್ಕಿತು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ, ಕಣ್ಣಿಗೇ ಕಾಣದ ಒಂದು ಚೂರು ಟೇಪು. ಸೂಜಿ ಚುಚ್ಚಿದ ಜಾಗಕ್ಕೆ ನರ್ಸುಗಳು ಅಂಟಿಸುವಂಥದ್ದು.

ಹಳದಿಗೆ ತಲೆಗೆ ಗಾಯ. ಪಟ್ಟಿ ಹಾಕಿದ್ದೇನೆ.

ಟೇಪು ಕಿತ್ತೆ. ಸುಯ್ಯ್ ಎಂದು ಒಂದು ಸಣ್ಣ ಉಸಿರು. ಐದು ತಿಂಗಳ ಮೇಲೆ ಹಳದಿ ಉಸಿರಾಡಿತು. ನನ್ನ ಬಾಯಿಂದ ನಗೆ ಹೇಗೆ ಬಂತೋ ಗೊತ್ತಿಲ್ಲ. ನಗುತ್ತಲೇ ಅಕ್ಕನಿಗೆ ಫೋನ್ ಮಾಡಿದೆ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ.

"ಹಳದಿ ತಲೆ ಮೇಲೆ ಏನೇ ಅಂಟಿಸಿದ್ದೆ?"

"ಹೂಂ, ಅದರ ಬಿರಡೆ ಸಡಿಲ ಆಗಿತ್ತು, ಒಂದು ಹನಿ ಹೊರಗೆ ಬಂದಿತ್ತು. ಟೇಪು ಅಂಟಿಸಿ ಮೇಲೆ ಬಿರಡೆ ಒತ್ತಿದೆ. ಚಾರ್ಟಲ್ಲಿ ಬರೆದಿದ್ನಲ್ಲೋ!"

"ಅದು ತಮಾಷೆ ಅಂದ್ಕೊಂಡಿದ್ದೆ ಕಣೇ!"

"ತಮಾಷೆನಾ? ನಾನು ಕೆಲಸದ ವಿಷಯದಲ್ಲಿ ತಮಾಷೆ ಮಾಡ್ತೀನಾ?"

"ತಿಳಿಗುಲಾಬಿಗೆ ಹುಡುಗಿ ನೋಡಬೇಕು ಅಂತ ಬರೆದಿದ್ಯಾರು?"

"ಅದು ಅಜ್ಜಿ ಹೇಳಿದ್ದು. ಇಡ್ತೀನಿ, ಡಾಕ್ಟ್ರು ಕರೀತಿದಾರೆ."

ಹಳದಿಯನ್ನು ಮತ್ತೆ ಕೂರಿಸಿ, ಒಂದು ಸಲ ಮಷೀನಿನ ಬಾಯಿ ತೊಳೆಸಿ, ದೊಡ್ಡಪ್ಪನನ್ನು ಮತ್ತೆ ತೆಗೆದೆ. ಬಂದರು. ಇನ್ನೊಂದು ತೆಗೆದೆ. ಬಂದರು. ಮೂರು, ನಾಲ್ಕು, ಐದು. ಐದು ದೊಡ್ಡಪ್ಪಂದಿರು ಸಾಲಾಗಿ ಮೇಜಿನ ಮೇಲೆ, ಒಬ್ಬರಿಗಿಂತ ಒಬ್ಬರು ಮೈಬಣ್ಣ ತುಂಬಿಕೊಂಡು, ಎದೆಯುಬ್ಬಿಸಿಕೊಂಡು. ಜನ ಚಪ್ಪಾಳೆ ಹೊಡೆದರು. ಕತ್ತರಿ ಅಣ್ಣ ನನ್ನ ಬೆನ್ನಿಗೆ ಬಿಟ್ಟ ಗುದ್ದಿಗೆ ಕೆಮ್ಮು ಬಂತು. ಗುಜರಿಯವನು ಹಗ್ಗ ಸುತ್ತಿಕೊಳ್ಳುತ್ತಾ, "ಮಷೀನಂತೂ ಸಿಕ್ಕಲಿಲ್ಲ. ಆ ಬದನೆಕಾಯಿ ಫೋಟೋ ಕೊಡಿ ಸಾರ್. ನಮ್ಮನೇಲಿ ಮಕ್ಕಳು ಊಟ ಮಾಡಲ್ಲ, ತೋರಿಸೋಕಾಗುತ್ತೆ" ಎಂದ. ದೊಡ್ಡಪ್ಪ ಕೈ ಚಾಚುವಷ್ಟರಲ್ಲಿ ಅಜ್ಜಿ ಅದನ್ನು ಅವನಿಗೆ ಕೊಟ್ಟೇಬಿಟ್ಟಿದ್ದಳು.

ನಾನು ಒಳಗಿನ ಕುರ್ಚಿಯ ಮೇಲೆ ಕೂತೆ. ಯಾರೂ ಏಳು ಎನ್ನಲಿಲ್ಲ. ಕೂರುವ ಜಾಗ ಮಧ್ಯದಲ್ಲಿ ದೊಡ್ಡಪ್ಪನ ಆಕಾರಕ್ಕೆ ಗುಳಿ ಬಿದ್ದಿತ್ತು. ಸ್ವಲ್ಪ ಆ ಕಡೆ ಈ ಕಡೆ ಸರಿದಾಡಿ ಸರಿಮಾಡಿಕೊಂಡೆ. ಮೊದಲ ಕೆಲಸ ಕತ್ತರಿ ಅಣ್ಣನದು. ಅವನ ಮಗಳು ಓಟದ ಪಂದ್ಯದಲ್ಲಿ ಮೊದಲು ಬಂದ ಫೋಟೋ, ಮೂರು ಪ್ರತಿ. ಹಳದಿ ಅಂಗಿ ತೊಟ್ಟ ಹುಡುಗಿ ಎರಡೂ ಕೈ ಮೇಲೆತ್ತಿ ಗೆರೆ ದಾಟುತ್ತಿದ್ದಳು. ಅಣ್ಣ ತನ್ನ ಅಂಗಡಿಯಲ್ಲಿ ಯಾರಿಗೋ ಅರ್ಧ ಮುಖಕ್ಕೆ ನೊರೆ ಹಚ್ಚಿ ಬಿಟ್ಟುಬಂದದ್ದು ಆಗಷ್ಟೇ ನೆನಪಾಗಿ ಓಡಿದ್ದ. "ಒಣಗಿದ ಮೇಲೆ ತಂದ್ಕೊಡೋ" ಎಂದು ಕೂಗಿ ಹೋಗಿದ್ದ.

ಮೂರನೆಯ ಪ್ರತಿ ಹೊರಗೆ ಬರುತ್ತಿದ್ದಾಗ ಮುಂದಿನ ಕೋಣೆಯಿಂದ ದೊಡ್ಡಪ್ಪನ ದನಿ ಕೇಳಿಸಿತು. ಹೊಸದಾಗಿ ಬಂದ ಗಿರಾಕಿಗಳಿಗೆ ಹೇಳುತ್ತಿದ್ದರು.

"ಇದರಲ್ಲಿ ಒಂದು ವಿದ್ಯೆ ಇದೆ ಕಣ್ರೀ. ಗಾಳಿ ತೂತು ಮುಚ್ಚಬೇಕು, ಬಾಯಿಗೆ ಟೊಪ್ಪಿ ಹಾಕಬೇಕು, ತೇವ ಇರೋ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸ್ಬೇಕು. ವರ್ಷಗಟ್ಟಲೆ ಅನುಭವ. ಎಲ್ಲಾ ನಾನೇ ಹೇಳ್ಕೊಟ್ಟಿದ್ದು ಇವನಿಗೆ."

"ಗೆದ್ದೆತ್ತಿನ ಬಾಲ ಹಿಡಿಯೋದು ಬಿಡಲ್ಲ ಇವನು" ಎಂದಳು ಅಜ್ಜಿ, ಸ್ಟೂಲಿನ ಮೇಲಿಂದ, ಎಲ್ಲರಿಗೂ ಕೇಳುವ ಹಾಗೆ.

"ನೀ ಸುಮ್ನಿರಮ್ಮ. ಅವನನ್ನೇ ಕೇಳಿ ಬೇಕಾದ್ರೆ. ಅಲ್ವೇನೋ? ನಾನೇ ತಾನೇ ಹೇಳಿದ್ದು?"

ನಾನು ಮೂರು ಫೋಟೋಗಳನ್ನು ಹಿಡಿದು ಮುಂದಿನ ಕೋಣೆಗೆ ಬಂದಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಪ್ಪ ಹುಬ್ಬೆತ್ತಿ ಕಾಯುತ್ತಿದ್ದರು. ಕನ್ನಡಕದ ಹಿಂದೆ ಅವರ ಕಣ್ಣು ಸ್ವಲ್ಪ ಬೇಡುತ್ತಲೂ ಇತ್ತು, ಸ್ವಲ್ಪ ನಗುತ್ತಲೂ ಇತ್ತು. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಉತ್ತರ ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಖಾರ. ಆದರೆ ಫೋಟೋಗಳ ಶಾಯಿ ಇನ್ನೂ ಹಸಿಯಾಗಿತ್ತು, ಹುಡುಗಿಯ ಹಳದಿ ಅಂಗಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಅಲ್ವೇನೋ?"

ನಾನು ಫೋಟೋಗಳ ಮೇಲೆ ಮೆಲ್ಲಗೆ ಊದುತ್ತಾ ಮೆಟ್ಟಿಲಿಳಿದು ಕತ್ತರಿ ಅಣ್ಣನ ಅಂಗಡಿಯ ಕಡೆ ನಡೆದೆ.